ಶ್ರೀಶೈಲದ ಕಾಲುದಾರಿ: ಮನೆತನಗಳ ಯಾತ್ರೆ, ಊರಿನ ಚರಿತ್ರೆ

(ಶ್ರೀಮಠದ ಮಹೋತ್ಸವದ ಚರಿತ್ರಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಊರಿನ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಶ್ರೀಗಳವರ ಅಪ್ಪಣೆಯಾಯಿತು. ಚರಿತ್ರೆಯೆಂದೊಡನೆ ನಾವು ಶಾಸನದ ಕಲ್ಲನ್ನೂ ಕೋಟೆಯ ಗೋಡೆಯನ್ನೂ ಹುಡುಕಲು ಹೊರಡುತ್ತೇವೆ. ಎಲ್ಲ ಊರುಗಳಲ್ಲಿಯೂ ಶಾಸನವಿರುವುದಿಲ್ಲ. ಕೋಟೆಯಂತೂ ಇನ್ನೂ ವಿರಳ. ಹಾಗಾದರೆ ಅಂಥ ಊರುಗಳಿಗೆ ಚರಿತ್ರೆಯೇ ಇಲ್ಲವೆ? ಉಂಟು. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ದಂಡೆಯ ನೂರಾರು ಹಳ್ಳಿಗಳ ಚರಿತ್ರೆಯು ಕಲ್ಲಿನ ಮೇಲೆ ಬರೆದುದಕ್ಕಿಂತ ಹೆಚ್ಚಾಗಿ ಒಂದು ದಾರಿಯ ಮೇಲೆ ನಡೆದುದರಲ್ಲಿದೆ. ಆ ದಾರಿಯೇ ಶ್ರೀಶೈಲದ ಕಾಲುದಾರಿ. ಮಕ್ಕಳು ಮರಿ, ಮುದುಕರು ತದುಕರು, ಎತ್ತು ಬಂಡಿ ಸಹಿತವಾಗಿ ಮನೆಗೆ ಮನೆಯೇ ಎದ್ದು ನಡೆದ ಆ ಯಾತ್ರೆಯ ವಿಚಾರವನ್ನೇ ಇಂದು ಬಿನ್ನವಿಸಬೇಕೆಂದಿದ್ದೇನೆ.

ಮೊದಲು ಈ ಯಾತ್ರೆಯ ಹಳಮೆಯನ್ನು ನೋಡುವ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮನ ಬಾಲ್ಯದ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಹೊಲದಲ್ಲಿ ಕಂಡ ಜಂಗಮನನ್ನು ಅರಸುತ್ತ, 'ಮಲ್ಲಯ್ಯಾ' ಎಂದು ಕೂಗುತ್ತ ಹೊರಟ ಆ ಹುಡುಗನು ಶ್ರೀಶೈಲಕ್ಕೆ ಹೋಗುತ್ತಿದ್ದ ಯಾತ್ರಿಕರ ಸಂಗಡ ನಡೆದು ಮಲೆಯನ್ನು ಸೇರಿದನೆಂದು ರಾಘವಾಂಕನು ತನ್ನ ಕಾವ್ಯದಲ್ಲಿ ವರ್ಣಿಸಿರುವನು. ಕಥೆಯ ಪವಾಡದ ಭಾಗವನ್ನು ಭಕ್ತರು ಭಕ್ತಿಯಿಂದ ಓದಲಿ. ಚರಿತ್ರೆಯನ್ನು ಅರಸುವವನಿಗೆ ಅದರಲ್ಲಿ ಬೇರೊಂದು ಸಂಗತಿಯು ಕಾಣಿಸುವುದು. ಕವಿಯ ಕಾಲಕ್ಕೆ ಸೊಲ್ಲಾಪುರದ ಸೀಮೆಯಿಂದ ಶ್ರೀಶೈಲಕ್ಕೆ ಯಾತ್ರಿಕರ ಗುಂಪುಗಳು ಹೋಗುವುದು ಎಷ್ಟು ವಾಡಿಕೆಯ ಮಾತಾಗಿತ್ತೆಂದರೆ, ದಾರಿ ತಿಳಿಯದ ಹುಡುಗನೊಬ್ಬನು ಆ ಗುಂಪನ್ನು ಸೇರಿ ನಡೆದನೆಂದು ಹೇಳಿದರೆ ಕೇಳುವವರಿಗೆ ಅಚ್ಚರಿಯೆನಿಸುತ್ತಿರಲಿಲ್ಲ. ಉಡುತಡಿಯ ಮಹಾದೇವಿಯಕ್ಕನು ಒಂಟಿಯಾಗಿ ಇದೇ ಮಲೆಯನ್ನು ಸೇರಿದುದನ್ನು ಹರಿಹರನ ರಗಳೆಯು ಹೇಳುತ್ತದೆ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನು ತನ್ನ ಪಂಡಿತಾರಾಧ್ಯ ಚರಿತ್ರೆಯೊಳಗೆ 'ಪರ್ವತ ಪ್ರಕರಣ'ವೆಂಬ ಒಂದು ಭಾಗವನ್ನೇ ಈ ಯಾತ್ರೆಗೆ ಮೀಸಲಿಟ್ಟು, ಶಿವರಾತ್ರಿಗೆಂದು ಬೆಟ್ಟ ಹತ್ತುವ ಜನರ ಹಾಡು, ಕುಣಿತ, ದಣಿವು, ಹರಕೆಗಳನ್ನು ಚಿತ್ರಿಸಿರುವನು. ಆದಕಾರಣ ಈ ದಾರಿಯು ಎಂಟುನೂರು ವರ್ಷಗಳಿಂದ ಸವೆದ ದಾರಿಯೆಂದು ಹೇಳಲು ಅಡ್ಡಿಯಿಲ್ಲ.

ಇಲ್ಲಿ ಒಂದು ಪ್ರಶ್ನೆಯು ಏಳುತ್ತದೆ. ಅದನ್ನು ಮರೆಸಿ ಮುಂದೆ ಹೋಗುವುದು ಸರಿಯಲ್ಲ. ಅಂಗೈಯಲ್ಲಿ ಇಷ್ಟಲಿಂಗವನ್ನು ಪಡೆದವನಿಗೆ ಬೆಟ್ಟದ ಲಿಂಗವೇಕೆ? ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ಸಾರಿದ ಶರಣರ ಮಕ್ಕಳು ತೀರ್ಥಕ್ಷೇತ್ರಗಳನ್ನು ಅರಸಿ ಅಲೆಯುವುದು ತತ್ತ್ವಕ್ಕೆ ಒಪ್ಪುವುದೆ? ನಮ್ಮ ಸಮಾಜದಲ್ಲಿ ಈ ಪ್ರಶ್ನೆಯನ್ನು ಕೇಳಿದವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ, ಕೇಳತಕ್ಕದ್ದೇ ಸರಿ. ತತ್ತ್ವನಿರ್ಣಯವನ್ನು ಮಾಡಲು ನಾನು ಅಧಿಕಾರಿಯಲ್ಲ. ಅದನ್ನು ಬಲ್ಲವರಿಗೆ ಬಿಡುವೆನು. ಆದರೆ ಆ ದಾರಿಯನ್ನು ಕಂಡವನಾಗಿ ಒಂದು ಮಾತನ್ನು ಮಾತ್ರ ಹೇಳಬಲ್ಲೆ. ಜಂಗಮವೆಂದರೆ ಚಲಿಸುವುದು. ನಮ್ಮ ಹಿರಿಯರು ಬೆಟ್ಟದಲ್ಲಿದ್ದ ಹೊತ್ತು ಒಂದೆರಡು ದಿನ; ನಡೆದ ಹೊತ್ತು ಎರಡು ವಾರಕ್ಕೂ ಮಿಗಿಲು. ಅಲ್ಲಮನೂ ಅಕ್ಕನೂ ನಡೆದ ನೆಲವನ್ನು ತಾವೂ ಮೆಟ್ಟಬೇಕು, ನೆರೆಹೊರೆಯವರೊಡನೆ ಒಂದೇ ಮರದ ನೆರಳಿನಲ್ಲಿ ರೊಟ್ಟಿ ಮುರಿಯಬೇಕು ಎಂಬುದೇ ಅವರ ಯಾತ್ರೆಯ ಮುಕ್ಕಾಲು ಪಾಲಾಗಿತ್ತು. ಹೋಗಬೇಕೆನ್ನುವವರು ಹೋಗಲಿ, ಬೇಡವೆನ್ನುವವರು ಬೇಡವೆನ್ನಲಿ; ನಮ್ಮ ಜನ ಹೋದರೆಂಬುದನ್ನೂ ಹೇಗೆ ಹೋದರೆಂಬುದನ್ನೂ ಬರೆದಿಡುವುದು ಇಬ್ಬರಿಗೂ ಸಮಾನವಾದ ಕರ್ತವ್ಯ.

ಯಾತ್ರೆಗೆ ಯುಗಾದಿಯ ಕಾಲವೇ ಏಕೆ? ಶಿವರಾತ್ರಿಗೂ ಶ್ರೀಶೈಲದಲ್ಲಿ ಬಹಳ ಜನ ಸೇರುತ್ತಾರೆ. ಆದರೆ ಕನ್ನಡ ನಾಡಿನವರ ದೊಡ್ಡ ಯಾತ್ರೆಯು ಯುಗಾದಿಯದು. ಇದರ ಕಾರಣವನ್ನು ಪಂಚಾಂಗದಲ್ಲಿ ಹುಡುಕುವುದಕ್ಕಿಂತ ಹೊಲದಲ್ಲಿ ಹುಡುಕುವುದು ಲೇಸು. ಎರೆ ಭೂಮಿಯಲ್ಲಿ ಹಿಂಗಾರಿ ಜೋಳವೂ ಕಡಲೆಯೂ ಫಾಲ್ಗುಣದ ಹೊತ್ತಿಗೆ ಮನೆ ಸೇರಿರುತ್ತವೆ. ಕಣದ ಕೆಲಸ ತೀರಿರುತ್ತದೆ, ಎತ್ತುಗಳಿಗೆ ಬಿಡುವು, ಮುಂಗಾರಿನ ಬಿತ್ತಿಗೆಗೆ ಇನ್ನೂ ಎರಡು ತಿಂಗಳು ಉಂಟು. ಹೊಸ ಜೋಳ ಬಂದಿರುವುದರಿಂದ ದಾರಿಬುತ್ತಿಗೆ ಕೊರತೆಯಿಲ್ಲ. ಸೇತುವೆಗಳಿಲ್ಲದಿದ್ದ ಕಾಲದಲ್ಲಿ ಇನ್ನೊಂದು ಅನುಕೂಲವೂ ಇದ್ದಿತು: ಬೇಸಗೆಯಲ್ಲಿ ನದಿಗಳು ಇಳಿದು, ಬಂಡಿಗಳು ಹಾಯಬಲ್ಲ ಹಾದಿ ತೆರೆದಿರುತ್ತಿತ್ತು. ಒಕ್ಕಲುತನದ ವರ್ಷ ಮುಗಿಯುವಲ್ಲಿ ಯಾತ್ರೆ, ಯಾತ್ರೆ ಮುಗಿಯುವಲ್ಲಿ ಹೊಸ ವರ್ಷ; ಹೀಗೆ ರೈತನ ಲೆಕ್ಕವೂ ಭಕ್ತನ ಲೆಕ್ಕವೂ ಒಂದೇ ಆಗಿ ಕೂಡಿಬಂದವು. ಇದಕ್ಕೆ ತೆತ್ತ ಬೆಲೆಯೆಂದರೆ ಬಿಸಿಲು. ರಾಯಚೂರು, ಕರ್ನೂಲು ಸೀಮೆಗಳ ಚೈತ್ರದ ಬಿಸಿಲನ್ನು ಕಾಲುನಡಿಗೆಯವನೇ ಬಲ್ಲನು.

ಇನ್ನು ದಾರಿಯ ವಿಚಾರ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳಿಂದ ಹೊರಡುವವರಿಗೆ ಒಂದೇ ದಾರಿಯಿಲ್ಲ. ಹಲವು ಕವಲುಗಳು ಹರಿದು ಬಂದು ಮಲೆಯ ಬುಡದಲ್ಲಿ ಒಂದಾಗುತ್ತವೆ. ಅವುಗಳಲ್ಲಿ ಒಂದನ್ನು ಹೇಳುವೆನು. ಬಾಗಲಕೋಟೆಯಿಂದ ಹೊರಟವರು ಮಲಪ್ರಭೆಯನ್ನು ದಾಟಿ ಹುನಗುಂದ, ಇಳಕಲ್ಲು, ಲಿಂಗಸುಗೂರು, ಮಾನ್ವಿಗಳ ಮೇಲೆ ಹೋಗಿ, ತುಂಗಭದ್ರೆಯನ್ನು ದಾಟಿ ಮಂತ್ರಾಲಯ, ಎಮ್ಮಿಗನೂರು, ಕರ್ನೂಲು, ನಂದಿಕೊಟ್ಕೂರುಗಳ ಮೂಲಕ ಆತ್ಮಕೂರನ್ನು ಮುಟ್ಟುತ್ತಾರೆ. ಸುಮಾರು 400 ಕಿಲೋಮೀಟರುಗಳ ನಡಿಗೆ. ಬೆಳಗಾವಿಯ ಕಡೆಯವರಿಗೆ ಅದು 500ನ್ನು ಮೀರುತ್ತದೆ. ದಿನಕ್ಕೆ 25 ಅಥವಾ 30 ಕಿಲೋಮೀಟರು ನಡೆದರೂ ಎರಡು ವಾರ ಬೇಕು. ಆತ್ಮಕೂರಿನವರೆಗೆ ಬಯಲು ಸೀಮೆ. ಊರಿಂದ ಊರಿಗೆ ಮನುಷ್ಯರ ಸದ್ದು ಉಂಟು. ಅಲ್ಲಿಂದ ಮುಂದೆ ವೆಂಕಟಾಪುರವನ್ನು ಬಿಟ್ಟರೆ ನಲ್ಲಮಲೆಯ ಅಡವಿ. ನಾಗಲೂಟಿಯ ವೀರಭದ್ರನ ಗುಡಿ, ಪೆಚ್ಚೆರುವಿನ ಕೆರೆ, ಭೀಮನಕೊಳ್ಳ, ಕೈಲಾಸದ್ವಾರ: ಈ ಹೆಸರುಗಳು ನಮ್ಮ ಭಾಗದ ಅಜ್ಜಿಯರಿಗೆ ತಮ್ಮ ತವರಿನ ಓಣಿಗಳ ಹೆಸರಿನಷ್ಟೇ ಪರಿಚಿತ. ಭೀಮನಕೊಳ್ಳದಲ್ಲಿ ಆಳವಾಗಿ ಇಳಿದು ಮತ್ತೆ ಕಡಿದಾಗಿ ಏರಬೇಕು. ಏರಿದವನಿಗೆ ಕೈಲಾಸದ್ವಾರವೆಂಬ ಹೆಸರು ಸಾರ್ಥಕವೆನಿಸುವುದು. ಮಲೆಯ ದಾರಿಗೆ ಮೆಟ್ಟಿಲುಗಳನ್ನು ಕಟ್ಟಿಸಿದ ಕೀರ್ತಿಯು ಹದಿನಾಲ್ಕನೆಯ ಶತಮಾನದ ಪ್ರೋಲಯ ವೇಮಾರೆಡ್ಡಿಯದು. ಪಾತಾಳಗಂಗೆಗೆ ಇಳಿಯುವ ಸೋಪಾನಗಳನ್ನು ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆಯು ಕಟ್ಟಿಸಿದಳು. ಹೆಣ್ಣುಮಕ್ಕಳು ನೀರಿಗಿಳಿಯುವ ಕಷ್ಟವನ್ನು ಹೆಣ್ಣೊಬ್ಬಳೇ ಮೊದಲು ಅರಿತಳೆಂದು ತೋರುತ್ತದೆ.

ಒಂದು ಮನೆತನವು ಹೊರಡುವ ಬಗೆ ಹೇಗಿತ್ತು? ಯಾತ್ರೆಗೆ ಒಂದು ತಿಂಗಳು ಮುಂಚೆಯೇ ಮನೆಯ ಹೆಣ್ಣುಮಕ್ಕಳ ಕೆಲಸ ಮೊದಲಾಗುತ್ತಿತ್ತು. ಜೋಳದ ರೊಟ್ಟಿಯನ್ನು ತೆಳುವಾಗಿ ತಟ್ಟಿ, ಬೇಯಿಸಿ, ಒಣಗಿಸಿ ಕಟಕ ಮಾಡಿ, ಬಿಳಿಯ ಅರಿವೆಯಲ್ಲಿ ಕಟ್ಟಿ ಇಡುವರು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಒಣ ಮೆಣಸಿನಕಾಯಿ, ಬೆಲ್ಲ, ಹುರಿದ ಹಿಟ್ಟು: ಎರಡು ವಾರ ಕೆಡದೆ ನಿಲ್ಲುವ ಆಹಾರವಿದು. ಗಂಡಸರು ಬಂಡಿಯ ಕೀಲು, ಗಾಲಿಯ ಹಳಿ, ಎತ್ತಿನ ಲಾಳಗಳನ್ನು ನೋಡಿಸುವರು. ಬಂಡಿಯ ಮೇಲೆ ಚಾಪೆಯ ಕೊಲ್ಲಾರಿ ಕಟ್ಟಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಕೌದಿಯನ್ನು ಹರವುವರು; ಅದು ಮುದುಕರಿಗೂ ಬಾಣಂತನ ಮುಗಿಸಿದ ಸೊಸೆಗೂ ಕೂಸಿಗೂ. ಮಿಕ್ಕವರಿಗೆ ಕಾಲೇ ಗತಿ. ಊರಿನ ಮಲ್ಲಯ್ಯನ ಕಂಬಿಯು ಮುಂದೆ, ಅದರ ಗಂಟೆಗಳ ನಾದದ ಹಿಂದೆ ಜನ, ಜನದ ಹಿಂದೆ ಬಂಡಿಗಳು. ಹರಕೆ ಹೊತ್ತವರಲ್ಲಿ ಕೆಲವರು ಮರಗಾಲು ಕಟ್ಟಿಕೊಂಡೇ ಅಷ್ಟು ದೂರ ನಡೆಯುವರು. ಇಂದಿಗೂ ಅಂಥವರನ್ನು ಕಾಣಬಹುದು.

ನಡಿಗೆಯ ಹೊತ್ತಿಗೂ ಒಂದು ಕಟ್ಟಳೆಯುಂಟು. ಬೆಳ್ಳಿ ಮೂಡುವ ಮುಂಚೆ ಎದ್ದು, ಬಿಸಿಲೇರುವವರೆಗೆ ನಡೆದು, ಮಧ್ಯಾಹ್ನ ಗಿಡದ ನೆರಳಲ್ಲಿ ಇಳಿದು, ಹೊತ್ತು ವಾಲಿದ ಮೇಲೆ ಮತ್ತೆ ನಡೆಯುವುದು. ಇಳಿಯುವ ತಾಣವನ್ನು ಗೊತ್ತುಮಾಡುವವನು ಊರ ಹಿರಿಯನೊಬ್ಬನು. ಅವನಿಗೆ ದಾರಿಯ ಎಲ್ಲ ಬಾವಿಗಳೂ ಗೊತ್ತು. ಯಾವ ಬಾವಿಯ ನೀರು ಸಿಹಿ, ಯಾವುದು ಸವಳು, ಯಾವ ಹಳ್ಳದಲ್ಲಿ ಒರತೆ ತೋಡಿದರೆ ನೀರು ಸಿಕ್ಕೀತು, ಯಾವ ಊರಿನ ಗೌಡನ ಕಣದಲ್ಲಿ ಎತ್ತಿಗೆ ಮೇವು ದೊರೆತೀತು, ಎಲ್ಲವೂ ಅವನ ತಲೆಯಲ್ಲಿ. ಅವನು ಬರೆದಿಟ್ಟವನಲ್ಲ, ತನ್ನ ತಂದೆಯ ಬೆನ್ನ ಹಿಂದೆ ನಡೆದು ಕಲಿತವನು, ತನ್ನ ಮಗನನ್ನು ಬೆನ್ನ ಹಿಂದೆ ನಡೆಸಿ ಕಲಿಸುವವನು. ಈ ಮಾತನ್ನು ನೆನಪಿನಲ್ಲಿಡಬೇಕೆಂದು ಬೇಡುವೆನು. ಮುಂದೆ ನಾನು ಹೇಳಬೇಕಾದುದೆಲ್ಲವೂ ಇದರ ಮೇಲೆಯೇ ನಿಂತಿದೆ.

ಈ ಯಾತ್ರೆಯು ನಮ್ಮ ಹೆಣ್ಣುಮಕ್ಕಳಿಗೆ ಎಂಥದಾಗಿತ್ತೆಂಬುದನ್ನು ನಾವು ಸಾಕಷ್ಟು ಯೋಚಿಸಿಲ್ಲ. ತವರು ಮತ್ತು ಅತ್ತೆಯ ಮನೆ, ಇವೆರಡರ ನಡುವಿನ ಹಾದಿಯನ್ನು ಬಿಟ್ಟು ಬೇರೆ ಹಾದಿಯನ್ನು ಕಾಣದ ಹೆಣ್ಣುಮಕ್ಕಳು, ಒಂದು ಸಲ ಶ್ರೀಶೈಲಕ್ಕೆ ನಡೆದು ಬಂದರೆ ಎರಡು ನದಿ, ಒಂದು ಮಲೆ, ಒಂದು ಪರಭಾಷೆಯ ನಾಡನ್ನು ಕಂಡು ಬಂದಂತಾಗುತ್ತಿತ್ತು. ಭ್ರಮರಾಂಬೆಯನ್ನು ನಮ್ಮವರು ಮನೆಯ ಮಗಳೆಂದೇ ಭಾವಿಸುತ್ತಾರೆ; ಮಲ್ಲಯ್ಯನು ಅಳಿಯ. ಯುಗಾದಿಗೆ ಮಗಳ ಮನೆಗೆ ಬರಿಗೈಯಲ್ಲಿ ಹೋಗಲಾದೀತೆ? ಸೀರೆ, ಕುಪ್ಪಸ, ಬಳೆ, ಅರಿಸಿನ ಕುಂಕುಮಗಳನ್ನು ಗಂಟು ಕಟ್ಟಿಕೊಂಡು ಹೋಗುವರು. ಭಕ್ತಿಯ ಹೆಸರಿನಲ್ಲಿ ಬಂಧುತ್ವವನ್ನು ಕಟ್ಟಿದ ಈ ಬಗೆಯು ಪಂಡಿತರು ಕಲಿಸಿದುದಲ್ಲ. ನಮ್ಮ ತಾಯಂದಿರು ತಾವಾಗಿ ಕಂಡುಕೊಂಡುದು. ಮಲೆಯ ಮೇಲೆ ವಾಸಿಸುವ ಚೆಂಚು ಜನರೂ ಮಲ್ಲಯ್ಯನನ್ನು ತಮ್ಮ ಅಳಿಯನೆಂದೇ ಹೇಳಿಕೊಳ್ಳುವರು. ಎರಡು ಜನ ಒಬ್ಬನನ್ನೇ ಅಳಿಯನೆಂದು ಕರೆದರೆ ಅವರಿಬ್ಬರೂ ಬೀಗರಾದರಲ್ಲವೆ?

ಚೆಂಚು ಜನರ ಉಪಕಾರವನ್ನು ಇಲ್ಲಿ ಸ್ಮರಿಸತಕ್ಕದ್ದು. ಅಡವಿಯ ದಾರಿಯಲ್ಲಿ ಯಾತ್ರಿಕರಿಗೆ ಹಾದಿ ತೋರಿಸಿ ಕಾವಲು ಕಾದವರು ಅವರು. ಕೃಷ್ಣೆಯ ಆಚೆಯ ದಂಡೆಯ ಚೆಂಚುಗಳ ಬಾಳನ್ನು ಕುರಿತು ಫ್ಯೂರರ್ ಹೈಮೆಂಡಾರ್ಫ್ ಎಂಬ ವಿದ್ವಾಂಸನು 1943ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ದೂರದೇಶದವನು ಅವರ ಗುಡಿಸಲಿನ ಮುಂದೆ ಕುಳಿತು ಬರೆದುಕೊಂಡನು. ಶತಮಾನಗಳ ಕಾಲ ಅವರ ನೆರವಿನಿಂದ ಬೆಟ್ಟ ಹತ್ತಿದ ನಾವು ಅವರ ಒಂದು ಹೆಸರನ್ನೂ ಬರೆದಿಡಲಿಲ್ಲ.

ದಾರಿಯ ಕಷ್ಟಗಳು ಬಿಸಿಲು ನೀರಡಿಕೆಗಳಿಗೇ ಮುಗಿಯುತ್ತಿರಲಿಲ್ಲ. ಅಡವಿಯಲ್ಲಿ ಹುಲಿ ಚಿರತೆಗಳ ಭಯ, ಕಳ್ಳರ ಭಯ. ಜನ ಸೇರಿದಲ್ಲಿ ವಾಂತಿಭೇದಿಯ ಭಯ. ಇವುಗಳೊಡನೆ ಸುಂಕವೂ ಇದ್ದಿತು. ಚೆನ್ನಪಟ್ಟಣದ ಏನುಗುಲ ವೀರಾಸ್ವಾಮಯ್ಯನು 1830ನೆಯ ಮೇ ತಿಂಗಳಿನಲ್ಲಿ ಕುಟುಂಬ ಪರಿವಾರ ಸಮೇತನಾಗಿ ಕಾಶೀಯಾತ್ರೆಗೆ ಹೊರಟು, 1831ನೆಯ ಸೆಪ್ಟೆಂಬರಿನಲ್ಲಿ ಮರಳಿದನು. ನೂರರಷ್ಟು ಜನರ ಆ ತಂಡದ ಹದಿನೈದು ತಿಂಗಳ ಪ್ರವಾಸವನ್ನು ಅವನು ದಿನದಿನವೂ ಬರೆದಿಟ್ಟನು. ಅದು 1838ರಲ್ಲಿ ತೆಲುಗಿನಲ್ಲಿ ಅಚ್ಚಾಯಿತು. ದಾರಿಯಲ್ಲಿ ಅವನು ಶ್ರೀಶೈಲವನ್ನೂ ಕಂಡನು. ಕಂದನೂರಿನ ನವಾಬನ ಕಡೆಯವರು ಯಾತ್ರಿಕರಿಂದ ತಲೆಗಿಷ್ಟೆಂದು ಹಣವನ್ನು ಎತ್ತುತ್ತಿದ್ದುದನ್ನೂ ಗುಡಿಯ ದುಸ್ಥಿತಿಯನ್ನೂ ಕಂಡು ಬರೆದನು. ಕಂದನೂರೆಂದರೆ ಇಂದಿನ ಕರ್ನೂಲು. ಆ ಸಂಸ್ಥಾನವು 1839ರಲ್ಲಿ ಕಂಪನಿ ಸರಕಾರದ ವಶವಾಯಿತು. ಅದಕ್ಕೂ ಮುಂಚೆ, 1794ರಲ್ಲಿ, ಕಾಲಿನ್ ಮೆಕೆಂಜಿಯೆಂಬ ಬ್ರಿಟಿಷ್ ಸೈನ್ಯಾಧಿಕಾರಿಯು ಮಲೆಯನ್ನು ಹತ್ತಿ, ದೇವಾಲಯದ ಪ್ರಾಕಾರದ ಮೇಲಿನ ಆನೆ, ಕುದುರೆ, ಬೇಟೆ, ಪುರಾಣಕಥೆಗಳ ಕೆತ್ತನೆಗಳನ್ನು ವಿವರವಾಗಿ ವರ್ಣಿಸಿದನು.

ನೋಡಿರಿ, ಇವರಿಬ್ಬರೂ ಒಂದೊಂದು ಸಲ ಮಾತ್ರ ಹೋದವರು. ಬರೆದರು, ಆದ್ದರಿಂದ ಚರಿತ್ರೆಯಲ್ಲಿ ಉಳಿದರು. ನಮ್ಮ ಮನೆತನಗಳು ಹತ್ತಿಪ್ಪತ್ತು ತಲೆಮಾರು ಹೋದುವು, ಬರೆಯಲಿಲ್ಲ. ವೀರಾಸ್ವಾಮಯ್ಯನು ವಿಶೇಷ ಪಂಡಿತನೆಂದು ಬರೆದವನಲ್ಲ. ಎಲ್ಲಿ ಇಳಿದೆವು, ಅಲ್ಲಿ ನೀರು ಇತ್ತೆ, ಅಕ್ಕಿ ಸಿಕ್ಕಿತೆ, ದಾರಿ ಕಲ್ಲೋ ಮಣ್ಣೋ, ಸುಂಕ ಎಷ್ಟು ಎಂಬಂಥ ಸಣ್ಣ ಸಂಗತಿಗಳನ್ನೇ ಬರೆದನು. ಇಂದು ಆ ಸಣ್ಣ ಸಂಗತಿಗಳೇ ಚಿನ್ನದಂತೆ ಬೆಲೆಯುಳ್ಳವಾಗಿವೆ. ಅಷ್ಟನ್ನು ಬರೆಯಬಲ್ಲವರು ನಮ್ಮ ಒಂದೊಂದು ಹಳ್ಳಿಯಲ್ಲಿಯೂ ಇದ್ದರು.

ಅರಸರ ಕಾಣಿಕೆಗಳ ಮಾತನ್ನು ಬೇಗನೆ ಮುಗಿಸುವೆನು. ಅವು ಪುಸ್ತಕಗಳಲ್ಲಿ ದೊರೆಯುತ್ತವೆ. ಎರಡನೆಯ ಹರಿಹರನ ಕಾಲದ ಮುಖಮಂಟಪ, ಕೃಷ್ಣದೇವರಾಯನ ಕಾಲದ ಸೇವೆಗಳು, 1677ರಲ್ಲಿ ಛತ್ರಪತಿ ಶಿವಾಜಿಯ ಭೇಟಿ, ಇವೆಲ್ಲವೂ ಪ್ರಸಿದ್ಧ. ಆದರೆ ಇತ್ತೀಚಿನ ಒಂದು ಸಂಗತಿಯನ್ನು ಹೇಳದೆ ಇರಲಾರೆನು. ಶ್ರೀಶೈಲದ ಪಂಚಮಠಗಳಲ್ಲಿ ಒಂದಾದ ಘಂಟಾಮಠದ ಜೀರ್ಣೋದ್ಧಾರವು ನಡೆಯುತ್ತಿದ್ದಾಗ, 2021ರಲ್ಲಿ, ಅಲ್ಲಿ ಹುದುಗಿದ್ದ ತಾಮ್ರದ ಶಾಸನಪತ್ರಗಳು ಹೊರಬಿದ್ದವು. ಮಠದ ಗೋಡೆಯು ಅಷ್ಟು ಕಾಲ ಅವನ್ನು ಕಾಪಾಡಿತು. ತಾಮ್ರವು ಕಾಯುತ್ತದೆ, ಕಲ್ಲು ಕಾಯುತ್ತದೆ. ಮನುಷ್ಯನ ನೆನಪು ಮಾತ್ರ ಒಂದು ತಲೆಮಾರಿಗಿಂತ ಹೆಚ್ಚು ಕಾಯುವುದಿಲ್ಲ.

ಈಗ ಮುಖ್ಯವಾದ ಮಾತಿಗೆ ಬರುವೆನು. ಈ ದಾರಿಯ ಎರಡು ತುದಿಗಳಲ್ಲಿಯೂ ನೀರು ನಿಂತಿದೆ. ಮೇಲಿನ ತುದಿಯಲ್ಲಿ, ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟನ್ನು ಕಟ್ಟಲು 1964ನೆಯ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಸುಪ್ರೀಂ ಕೋರ್ಟಿನ 2000ನೆಯ ಇಸವಿಯ ತೀರ್ಪಿನಂತೆ 519.6 ಮೀಟರ್ ಮಟ್ಟದವರೆಗೆ ನೀರು ನಿಂತಿತು. ಬರಗಾಲದ ನೆಲಕ್ಕೆ ನೀರು ಬಂದಿತು. ಅದು ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಆ ನೀರಿನ ಅಡಿಯಲ್ಲಿ ದಂಡೆಯ ಅನೇಕ ಹಳ್ಳಿಗಳೂ ಹಳೆಯ ಬಾಗಲಕೋಟೆಯ ಓಣಿಗಳೂ ಹೋದುವು. ಜನರು ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಹಂಚಿಹೋದರು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳಕ್ಕೆ ಸುತ್ತಲೂ ಗೋಡೆಯನ್ನು ಎತ್ತಿ ಕಾಪಾಡಿದರು. ಹಳ್ಳಿಯ ಅಗಸಿಬಾಗಿಲಿಗೆ, ಕಂಬಿಯು ಹೊರಡುತ್ತಿದ್ದ ಕಟ್ಟೆಗೆ, ಬಂಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಬಯಲಿಗೆ ಗೋಡೆ ಕಟ್ಟುವವರು ಯಾರು?

ಕೆಳಗಿನ ತುದಿಯಲ್ಲಿ, ಅದೇ ಕೃಷ್ಣೆಗೆ ಶ್ರೀಶೈಲದ ಬುಡದಲ್ಲಿ ಕಟ್ಟಿದ ಅಣೆಯ ಹಿನ್ನೀರು 1980ರ ಸುಮಾರಿಗೆ ಕರ್ನೂಲು ಸೀಮೆಯ ಅನೇಕ ಊರುಗಳನ್ನು ನುಂಗಿತು. ಕೃಷ್ಣಾ ತುಂಗಭದ್ರೆಗಳ ಕೂಡಲದಲ್ಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ನಿಲ್ಲಿಸಿದರು. ನಂದಿಕೊಟ್ಕೂರಿನ ಕಡೆಯ ಸಪ್ತನದೀ ಸಂಗಮೇಶ್ವರನ ಗುಡಿಯು ವರ್ಷದ ಬಹುಭಾಗ ನೀರೊಳಗಿದ್ದು, ಬೇಸಗೆಯಲ್ಲಿ ಮಾತ್ರ ತಲೆಯೆತ್ತುತ್ತದೆ. ಅಕ್ಕಮಹಾದೇವಿಯ ಹೆಸರಿನ ಗವಿಗೆ ಇಂದು ಪಾತಾಳಗಂಗೆಯಿಂದ ದೋಣಿಯಲ್ಲಿ ಹೋಗಬೇಕು. ನಲ್ಲಮಲೆಯ ಅಡವಿಯು 1983ರಿಂದ ಹುಲಿಯ ರಕ್ಷಿತಾರಣ್ಯವಾಗಿರುವುದರಿಂದ ಕಾಲುದಾರಿಯು ವರ್ಷವಿಡೀ ತೆರೆದಿರುವುದಿಲ್ಲ; ಶಿವರಾತ್ರಿ ಯುಗಾದಿಗಳಲ್ಲಿ ಅರಣ್ಯದವರು ಬಿಟ್ಟಷ್ಟು ದಿನ ನಡೆಯಬೇಕು. ಯಾತ್ರೆಯು ನಿಂತಿಲ್ಲ; ಈಗಲೂ ಸಾವಿರ ಸಾವಿರ ಜನ ನಡೆಯುತ್ತಾರೆ, ದಾರಿಯ ತೆಲುಗು ಊರುಗಳವರು ಈಗಲೂ ಮಜ್ಜಿಗೆ ಕೊಟ್ಟು, ಅನ್ನವಿಟ್ಟು, ಬೊಕ್ಕೆಯೆದ್ದ ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಆದರೆ ಮನೆಗೆ ಮನೆಯೇ ಬಂಡಿ ಕಟ್ಟಿ ಹೊರಡುವುದು ವಿರಳವಾಯಿತು. ಹರೆಯದವರು ನಡೆಯುತ್ತಾರೆ; ಮುದುಕರೂ ಮಕ್ಕಳೂ ಬಸ್ಸಿನಲ್ಲಿ ಹೋಗಿ ಮರುದಿನ ಮರಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ; ಮುದುಕರನ್ನು ಬಿಸಿಲಿನಲ್ಲಿ ನಡೆಸುವುದು ಭಕ್ತಿಯಲ್ಲ. ಆದರೆ ಹಿಂದೆ ಅಜ್ಜನೂ ಮೊಮ್ಮಗನೂ ಎರಡು ವಾರ ಒಂದೇ ಬಂಡಿಯ ನೆರಳಿನಲ್ಲಿ ಇರುತ್ತಿದ್ದರು. ದಾರಿಯ ಬಾವಿಯನ್ನು ತೋರಿಸುತ್ತ ಅಜ್ಜನು ಆ ಬಾವಿಯ ಕಥೆಯನ್ನೂ, ಕಥೆಯ ಜೊತೆಗೆ ತನ್ನ ಅಜ್ಜನ ಹೆಸರನ್ನೂ ಹೇಳುತ್ತಿದ್ದನು. ಚರಿತ್ರೆಯ ಆ ಪಾಠಶಾಲೆಯು ಈಗ ಮುಚ್ಚಿತು. ಊರು ನೀರೊಳಗೆ ಹೋಯಿತು, ದಾರಿಯು ಡಾಂಬರಿನ ಕೆಳಗೆ ಹೋಯಿತು, ದಾರಿಯನ್ನು ಬಲ್ಲವರು ಒಬ್ಬೊಬ್ಬರಾಗಿ ಲಿಂಗೈಕ್ಯರಾಗುತ್ತಿದ್ದಾರೆ. ಆಲಮಟ್ಟಿಯ ಹಿನ್ನೀರು ನಿಲ್ಲುವ ಮುಂಚೆ ಹಳೆಯ ಊರಿನಿಂದ ಬಂಡಿ ಹೂಡಿ ಹೊರಟವರಲ್ಲಿ ಇಂದು ಉಳಿದಿರುವವರು ಎಷ್ಟು ಜನ? ಇನ್ನು ಹತ್ತು ವರ್ಷ ಕಳೆದರೆ ಈ ಪ್ರಶ್ನೆಯನ್ನು ಕೇಳುವುದಕ್ಕೂ ಯಾರೂ ದೊರೆಯಲಾರರು.

ಆದಕಾರಣ ಈ ಸಭೆಯ ಮುಂದೆ ಕೆಲವು ಸೂಚನೆಗಳನ್ನು ಇಡುವೆನು. ಹಣ ಬೇಡದ ಕೆಲಸಗಳಿವು.

ಮೊದಲನೆಯದು: ಪ್ರತಿಯೊಂದು ಮನೆತನವೂ ಒಂದು ದಾರಿಯ ವಹಿಯನ್ನು ಬರೆಯತಕ್ಕದ್ದು. ನಿಮ್ಮ ಹಿರಿಯರು ಯಾವ ಊರಿನಿಂದ ಹೊರಟರು, ಎಲ್ಲೆಲ್ಲಿ ಇಳಿದರು, ಯಾವ ಹಳ್ಳವನ್ನು ಎಲ್ಲಿ ಹಾಯ್ದರು, ಯಾರ ಮನೆಯಲ್ಲಿ ಅನ್ನ ಉಂಡರು, ಯಾರು ದಾರಿಯಲ್ಲಿ ತೀರಿಕೊಂಡರು, ಯಾವ ಕೂಸು ದಾರಿಯಲ್ಲಿ ಹುಟ್ಟಿತು. ಮನೆಯ ಹಿರಿಯರನ್ನು, ಅದರಲ್ಲೂ ಅಜ್ಜಿಯರನ್ನು, ಕೂಡಿಸಿಕೊಂಡು ಕೇಳಿ ಬರೆಯಿರಿ. ಈಗ ಅಂಗೈಯಲ್ಲಿ ಹಿಡಿಯುವ ದೂರವಾಣಿಯಲ್ಲಿಯೇ ಧ್ವನಿಯನ್ನು ಹಿಡಿದಿಡಬಹುದು. ಅವರ ಹಾಡುಗಳನ್ನು ಅವರ ಕಂಠದಲ್ಲಿಯೇ ಉಳಿಸಿರಿ. ಇಸವಿ ನೆನಪಿಲ್ಲದಿದ್ದರೆ ಚಿಂತೆಯಿಲ್ಲ; ದೊಡ್ಡ ಬರದ ಹಿಂದಿನ ವರ್ಷ, ಊರು ಎದ್ದ ವರ್ಷ ಎಂದರೆ ಸಾಕು.

ಎರಡನೆಯದು: ಮುಳುಗಿದ ಊರುಗಳ ಹೆಸರುಗಳು ಸರಕಾರದ ಕಡತದಲ್ಲಿವೆ, ಆ ಊರುಗಳ ಓಣಿ, ಕಟ್ಟೆ, ಬಾವಿ, ಹೊಲಗಳ ಹೆಸರುಗಳು ಕಡತದಲ್ಲಿಲ್ಲ. ಊರಿನ ನಕ್ಷೆಯೊಂದನ್ನು ನೆನಪಿನಿಂದ ಬರೆಯಿಸಿ, ಕಂಬಿಯು ಹೊರಡುತ್ತಿದ್ದ ತಾಣವನ್ನು ಅದರಲ್ಲಿ ಗುರುತಿಸಿರಿ.

ಮೂರನೆಯದು: ಬರೆಯುವಾಗ ಕಾಣಿಕೆ ಕೊಟ್ಟವರ ಹೆಸರುಗಳನ್ನಷ್ಟೇ ಬರೆದು ಕೈಮುಗಿಯಬಾರದು. ಬಂಡಿಯ ಗಾಲಿಯನ್ನು ಮಾಡಿದ ಬಡಿಗನಾರು, ಕಾಲ್ಮರಿಯನ್ನು ಹೊಲಿದವನಾರು, ಕೊಡಗಳನ್ನು ಮಾಡಿದ ಕುಂಬಾರನಾರು, ಯಾತ್ರೆಗೆ ಹೋದವರ ದನಕರುಗಳನ್ನು ಹಿಂದೆ ಉಳಿದು ಕಾಯ್ದವರಾರು? ಅವರೂ ಯಾತ್ರೆಯವರೇ. ದಾರಿಯ ಊರುಗಳಲ್ಲಿ ನೀರು ಕೊಟ್ಟವರ ಜಾತಿಮತಗಳನ್ನು ನೀರಡಿಸಿದವನು ಕೇಳಲಿಲ್ಲ. ಚರಿತ್ರೆ ಬರೆಯುವವನೂ ಅವರನ್ನು ಬಿಡಬಾರದು. ಕಾಯಕಕ್ಕೆ ಮೇಲು ಕೀಳಿಲ್ಲವೆಂದ ಶರಣರ ಹೆಸರಿನ ಮಠದಲ್ಲಿ ಬರೆಯುವ ವಹಿಯಲ್ಲಿ ಕಾಯಕದವರ ಹೆಸರು ಇಲ್ಲದಿದ್ದರೆ ಆ ವಹಿಯು ಯಾತಕ್ಕೆ?

ನಾಲ್ಕನೆಯದು ಈಗ ಹೋಗುವವರಿಗೆ. ಮಕ್ಕಳನ್ನು ಕರೆದುಕೊಂಡು ಹೋಗಿರಿ, ಆದರೆ ವಿವೇಕದಿಂದ. ಇಡೀ ದಾರಿಯನ್ನು ನಡೆಸಲಾಗದಿದ್ದರೆ ದಿನಕ್ಕೊಂದು ಗಾವುದದಂತೆ ಎರಡು ಮೂರು ದಿನ ಬಯಲಿನಲ್ಲಿ ನಡೆಸಿರಿ. ಹಳೆಯ ಇಳಿದಾಣಗಳನ್ನು ಅವರಿಂದಲೇ ಕೇಳಿಸಿ ಬರೆಯಿಸಿರಿ. ಕೂಸುಗಳನ್ನೂ ಎದೆನೋವಿನವರನ್ನೂ ಅಡವಿಯ ಏರಿನಲ್ಲಿ ನಡೆಸಬೇಡಿರಿ. ಮಧ್ಯಾಹ್ನದ ಬಿಸಿಲಿನಲ್ಲಿ ಹಟಮಾಡಿ ನಡೆಯುವುದು ಸಾಹಸವಲ್ಲ. ನಮ್ಮ ಹಿರಿಯರಾರೂ ಹಾಗೆ ನಡೆಯಲಿಲ್ಲ. ಅಡವಿಯಲ್ಲಿ ಒಣಗಿದ ಎಲೆಯಿರುವಾಗ ಒಲೆ ಹೂಡಬೇಡಿರಿ, ಬೀಡಿಯ ಕಿಡಿಯನ್ನು ಎಸೆಯಬೇಡಿರಿ. ಹಿಂದಿನವರು ಊಟಮಾಡಿದ ಮುತ್ತುಗದ ಎಲೆಯನ್ನು ದನ ತಿನ್ನುತ್ತಿತ್ತು, ಇಲ್ಲವೆ ಮಣ್ಣು ತಿನ್ನುತ್ತಿತ್ತು. ಇಂದಿನ ಪ್ಲಾಸ್ಟಿಕ್ಕನ್ನು ಮಣ್ಣೂ ಒಲ್ಲದು. ಹೊತ್ತು ತಂದುದನ್ನು ಹೊತ್ತೇ ಮರಳಿರಿ. ಅದು ಚೆಂಚುಗಳ ಮನೆಯಂಗಳ. ಬೀಗರ ಅಂಗಳವನ್ನು ಹೊಲಸು ಮಾಡಿ ಬರುವುದು ಯಾವ ಮನೆತನಕ್ಕೂ ಶೋಭೆಯಲ್ಲ.

ಕೊನೆಯದಾಗಿ ಶ್ರೀಗಳವರ ಪಾದಕ್ಕೆ ಒಂದು ಬಿನ್ನಹ. ಮನೆಮನೆಗಳಲ್ಲಿ ಬರೆದ ವಹಿಗಳು ಮನೆಗಳಲ್ಲಿಯೇ ಉಳಿದರೆ ಗೆದ್ದಲಿಗೆ ಆಹಾರವಾದಾವು. ಶ್ರೀಮಠದ ಪುಸ್ತಕ ಭಂಡಾರದಲ್ಲಿ ತಾಳೆಯೋಲೆಯ ಕಟ್ಟುಗಳ ಪಕ್ಕದಲ್ಲಿ ಒಂದು ಹಲಗೆಯನ್ನು ಈ ವಹಿಗಳಿಗೆಂದು ಬಿಡಿಸಿಕೊಡಬೇಕು. ಪ್ರತಿ ಯುಗಾದಿಯಲ್ಲಿ ಯಾತ್ರೆಯಿಂದ ಮರಳಿದವರು ದಾಸೋಹದಲ್ಲಿ ಪ್ರಸಾದ ಸ್ವೀಕರಿಸುವ ಮುಂಚೆ ತಮ್ಮ ದಾರಿಯ ನಾಲ್ಕು ಸಾಲುಗಳನ್ನು ಬರೆದು ಅಲ್ಲಿಗೆ ಒಪ್ಪಿಸುವ ಪದ್ಧತಿಯನ್ನು ಹಾಕಿಕೊಡಬೇಕು. ಮಠವು ಅನ್ನದಾಸೋಹವನ್ನು ನಡೆಸಿತು, ಅಕ್ಷರದಾಸೋಹವನ್ನು ನಡೆಸಿತು. ನೆನಪಿನ ದಾಸೋಹವೂ ಇಲ್ಲಿ ನಡೆಯಲಿ.

ಆರಂಭದಲ್ಲಿ ಕೃಷ್ಣೆಯ ದಂಡೆಯ ಹಳ್ಳಿಗಳೆಂದೆನು. ನಮ್ಮವರು ಕೃಷ್ಣೆಯನ್ನು ಬಿಟ್ಟು ಹೊರಟು, ಎರಡು ವಾರ ನಡೆದು, ಮಲೆಯ ಕೆಳಗೆ ಪಾತಾಳಗಂಗೆಯೆಂಬ ಹೆಸರಿನಿಂದ ಮತ್ತೆ ಅದೇ ಕೃಷ್ಣೆಯಲ್ಲಿ ಮುಳುಗುತ್ತಿದ್ದರು. ತಮ್ಮ ಊರಿನ ಮುಂದೆ ಹರಿದ ನೀರೇ ತಮಗಿಂತ ಮುಂಚೆ ಅಲ್ಲಿಗೆ ಬಂದಿದೆಯೆಂಬುದು ಅವರಿಗೆ ತಿಳಿದಿತ್ತು. ಆ ತಿಳಿವಳಿಕೆಯು ನಮ್ಮ ಮಕ್ಕಳಿಗೂ ದೊರೆಯಲಿ. ಮುಂದಿನ ಯುಗಾದಿಗೆ ಮುಂಚೆ ಒಂದೊಂದು ಮನೆಯಿಂದ ಒಂದೊಂದು ವಹಿಯಾದರೂ ಇಲ್ಲಿಗೆ ಬರಲೆಂದು ಹಾರೈಸಿ, ನನ್ನ ಮಾತನ್ನು ಮುಗಿಸುವೆನು.